ಒಂದು ಗೇಣು ಕುಗ್ಗಬೇಕಾಗಿದ್ದ ಕಂಬ

ಆಂಧ್ರದ ಗಡಿಯ ರಾಯದುರ್ಗದಲ್ಲಿ ಪ್ಯಾಂಟು ಹೊಲಿಯದವರೇ ಇಲ್ಲ ಎಂದರೆ ತಪ್ಪಾಗುತ್ತದೆ. ಇದ್ದಾರೆ. ಅವರು ಪ್ಯಾಂಟಿಗೆ ಗುಂಡಿ ಹಚ್ಚುತ್ತಾರೆ, ಬಿಟ್ಟ ದಾರ ಕತ್ತರಿಸುತ್ತಾರೆ, ತೊಳೆಯುತ್ತಾರೆ, ಇಸ್ತ್ರಿ ಮಾಡುತ್ತಾರೆ, ಮೂಟೆ ಕಟ್ಟಿ ಲಾರಿಗೆ ಹೇರುತ್ತಾರೆ. ಇದರಲ್ಲಿ ಯಾವುದನ್ನೂ ಮಾಡದವರು ಕಣ್ಣಿಗೆ ಬಿದ್ದರೆ ಅವರು ಬಸ್ಸಿಗೆ ಕಾಯುತ್ತಿರುವ ಪರಸ್ಥಳದವರು ಎಂದು ತಿಳಿದುಕೊಳ್ಳಬಹುದು.

ಇಂಥ ಊರಿನಲ್ಲಿ ಕಟಿಂಗ್ ಮಾಸ್ಟರ್ ಎಂದರೆ ಸಣ್ಣ ಮನುಷ್ಯನಲ್ಲ. ಒಂದರ ಮೇಲೊಂದು ಪೇರಿಸಿದ ಜೀನ್ಸ್ ಬಟ್ಟೆಯ ಮೇಲೆ ಸೀಮೆಸುಣ್ಣದಿಂದ ಗೆರೆ ಎಳೆದು ಕತ್ತರಿ ಮಿಷನ್ನು ಓಡಿಸಿದನೆಂದರೆ ನೂರಾರು ಕಾಲುಗಳು ಒಮ್ಮೆಗೇ ತಯಾರಾಗುತ್ತವೆ. ಗೆರೆ ತಪ್ಪಿದರೆ ನೂರಾರು ಕಾಲುಗಳೂ ಒಮ್ಮೆಗೇ ಕುಂಟುತ್ತವೆ. ಉಜ್ಜಿನಪ್ಪ ಇಂಥ ಕೆಲಸವನ್ನು ಇಪ್ಪತ್ತು ವರ್ಷ ಮಾಡಿದವನು. ಅವನ ಗೆರೆ ಎಂದೂ ತಪ್ಪಿರಲಿಲ್ಲ. ಇದರಿಂದ ಅವನ ಕೈಗೆ ಒಳ್ಳೆಯದಾಗಿತ್ತು, ತಲೆಗೆ ಅಷ್ಟೇನೂ ಒಳ್ಳೆಯದಾಗಿರಲಿಲ್ಲ. ಪ್ರಪಂಚದಲ್ಲಿ ಅಳತೆ ಇರುವ ವಸ್ತುಗಳೆಲ್ಲ ತನ್ನ ಇಲಾಖೆಗೆ ಸೇರಿದವು ಎಂದು ಅವನು ನಂಬಿಬಿಟ್ಟಿದ್ದ. ಎದುರಿಗೆ ಬಂದವರ ಮುಖ ನೋಡುವ ಮೊದಲು ಸೊಂಟ ನೋಡುತ್ತಿದ್ದ. "ಮೂವತ್ನಾಲ್ಕು" ಎನ್ನುತ್ತಿದ್ದ. ಆಮೇಲೆ "ನಮಸ್ಕಾರ್ರಿ" ಎನ್ನುತ್ತಿದ್ದ.

ಅವನ ಹೆಂಡತಿ ಹಂಪಕ್ಕ ಬೇರೆಯೇ ಜಾತಿಯ ಅಳತೆಗಾರ್ತಿ. ಗಂಡ ಹೆಂಡತಿ ಇಬ್ಬರೂ ಬೆಂಗಳೂರಿನ ಗಾರ್ಮೆಂಟ್ಸಿನಲ್ಲಿ ದುಡಿದು ಊರಿಗೆ ಮರಳಿದವರು. ಅಲ್ಲಿ ಅವಳು ಮೊದಲು ಮಿಷನ್ ತುಳಿದು, ಆಮೇಲೆ ಚೆಕರ್ ಆಗಿದ್ದಳು. ಹೊಲಿದು ಬಂದ ಬಟ್ಟೆಯಲ್ಲಿ ಎಲ್ಲಿ ಲೋಪ ಇದೆಯೋ ಅಲ್ಲಿ ಒಂದು ಪುಟ್ಟ ಕೆಂಪು ಬಾಣದ ಸ್ಟಿಕ್ಕರ್ ಅಂಟಿಸುವುದು ಅವಳ ಕೆಲಸ. ಬಾಣ ಬಿದ್ದ ಬಟ್ಟೆ ಮುಂದೆ ಹೋಗುವಂತಿಲ್ಲ. ಕೆಲಸ ಬಿಟ್ಟು ಬರುವಾಗ ಅವಳು ಆ ಸ್ಟಿಕ್ಕರುಗಳ ಒಂದಷ್ಟು ಹಾಳೆಗಳನ್ನು ಚೀಲದಲ್ಲಿ ಹಾಕಿಕೊಂಡು ಬಂದಿದ್ದಳು. ಸಂಸಾರ ನಡೆಸುವವಳಿಗೆ ಬೇಕಾಗುತ್ತವೆ ಎಂದು ಅವಳಿಗೆ ಆಗಲೇ ಅನಿಸಿತ್ತು.

ಊರಿಗೆ ಬಂದ ಮೇಲೆ ಅವರು ಇದ್ದ ಜಾಗದಲ್ಲಿ ಮನೆ ಕಟ್ಟಿಸಲು ಹೊರಟರು. ಮೇಲೆ ವಾಸ, ಕೆಳಗೆ ಒಂದು ದೊಡ್ಡ ಹಾಲು, ಹಾಲಿನಲ್ಲಿ ಎಂಟು ಮಿಷನ್ನು. ಇದು ಹಂಪಕ್ಕನ ಲೆಕ್ಕ. ಅದೇ ಓಣಿಯ ರಾಧಾ, ಸಂಧ್ಯಾ ಮೊದಲಾದ ಎಂಟು ಮಂದಿ ಹೆಣ್ಣುಮಕ್ಕಳು ಬೆಂಗಳೂರಿನ ಬಸ್ಸು ಹತ್ತುವುದನ್ನು ತಡೆದುಕೊಂಡು ಈ ಹಾಲಿಗಾಗಿ ಕಾಯುತ್ತಿದ್ದರು. ಹಂಪಕ್ಕ ಅವರಿಗೆ ಮಾತು ಕೊಟ್ಟಿದ್ದಳು. ಮಾತು ಕೊಟ್ಟ ಮೇಲೆ ಅವಳು ರಾತ್ರಿ ಮಲಗುವಾಗಲೂ ಆ ಹಾಲಿನ ಅಳತೆಯಲ್ಲೇ ಮಲಗುತ್ತಿದ್ದಳು.

ಮನೆ ಕಟ್ಟುವ ಮೇಸ್ತ್ರಿ ನರಸಿಂಹಪ್ಪ. ಕೆಲಸ ಬಲ್ಲವನೇ, ಆದರೆ ಕೆಲಸಕ್ಕಿಂತ ಒಂದು ತೂಕ ಹೆಚ್ಚು ಮಾತು ಬಲ್ಲವನು. ಬೀದಿಯ ಕಡೆಗೆ ಒಂದು ಸಾಲಿನಲ್ಲಿ ನಾಲ್ಕು ಕಂಬ ನಿಲ್ಲಿಸಬೇಕು. ಎರಡೂ ತುದಿಯ ಕಂಬ, ಆಮೇಲೆ ಎರಡನೆಯದು, ಹೀಗೆ ಮೂರು ಎದ್ದು ನಿಂತಿದ್ದವು. ಮೂರನೆಯದಕ್ಕೆ ಪಾಯದಿಂದ ಕಂಬಿ ಮೇಲೆ ಬಂದಿತ್ತು, ಸುತ್ತ ಸೆಂಟ್ರಿಂಗ್ ಡಬ್ಬ ಕೂಡಿಸಿ ಕಾಂಕ್ರೀಟ್ ಸುರಿಯುವುದೊಂದೇ ಬಾಕಿ. ಅಷ್ಟರಲ್ಲಿ ಶನಿವಾರ ಬಂತು. ಮೇಸ್ತ್ರಿಗೆ ನೇಮಕಲ್ಲಿನ ಆಂಜನೇಯನಿಗೆ ಹರಕೆ.

"ಹುಡುಗ್ರಿಗೆ ಎಲ್ಲಾ ಹೇಳೀನ್ರಿ ಮಾಸ್ಟ್ರೇ. ಗುರ್ತು ಹಾಕೀನಿ, ಅದರ ಮ್ಯಾಲ ಡಬ್ಬ ಇಟ್ಟು ತುಂಬಸ್ತಾರ. ನೀವು ನೀರು ಹೊಡಸೋದು ಮಾತ್ರ ಬಿಡಬ್ಯಾಡ್ರಿ. ಕಾಂಕ್ರೀಟ್ ಅಂದ್ರ ಸುಮ್ನ ಅಲ್ಲ. ನೀರು ಕುಡಿತೈತಿ, ಒಣಗತೈತಿ, ಕುಗ್ಗತೈತಿ" ಎಂದು ನರಸಿಂಹಪ್ಪ ಬೈಕು ಹತ್ತಿದ.

ಕುಗ್ಗತೈತಿ ಎಂಬ ಮಾತು ಕೇಳಿದ್ದೇ ಉಜ್ಜಿನಪ್ಪನ ಬೆನ್ನು ನೆಟ್ಟಗಾಯಿತು. ಜೀನ್ಸಿನವರಿಗೆ ಇದಕ್ಕಿಂತ ದೊಡ್ಡ ಮಾತಿಲ್ಲ. ಬಟ್ಟೆ ಹೊಲಿದ ಮೇಲೆ ವಾಶಿಗೆ ಹೋಗುತ್ತದೆ, ವಾಶಿನಲ್ಲಿ ಕುಗ್ಗುತ್ತದೆ. ಎಷ್ಟು ಕುಗ್ಗುತ್ತದೆಂದು ಮೊದಲೇ ಲೆಕ್ಕ ಹಾಕಿ ಅಷ್ಟು ದೊಡ್ಡದಾಗಿ ಕತ್ತರಿಸುವವನೇ ಮಾಸ್ಟರ್. ಹಿಂದೆ ಇನ್ನೊಬ್ಬ ಯಾರೋ ಕುಗ್ಗು ಬಿಡದೆ ಕತ್ತರಿಸಿ, ಇಡೀ ಲಾಟು ದೊಡ್ಡವರದಾಗಿ ಹೋಗಿ ಚಿಕ್ಕಮಕ್ಕಳದಾಗಿ ವಾಪಸ್ಸು ಬಂದದ್ದನ್ನು ಅವನು ಕಣ್ಣಾರೆ ಕಂಡಿದ್ದ.

ಇಲ್ಲಿ ನೋಡಿದರೆ ಮೇಸ್ತ್ರಿ ಪ್ಲಾನಿನಲ್ಲಿ ಇದ್ದ ಅಳತೆಗೇ ಗುರುತು ಹಾಕಿ ಹೋಗಿದ್ದಾನೆ. ಕುಗ್ಗು ಬಿಟ್ಟಿಲ್ಲ! ಎರಡು ವಾರ ನೀರು ಹೊಡೆಯುತ್ತಾರೆ. ಅದು ವಾಶ್ ಅಲ್ಲದೆ ಮತ್ತೇನು? ವಾಶ್ ಆದ ಮೇಲೆ ಮನೆ ಒಳಕ್ಕೆ ಎಳೆದುಕೊಂಡು ಚಿಕ್ಕದಾದರೆ ಹಂಪಕ್ಕನ ಎಂಟು ಮಿಷನ್ನಿನಲ್ಲಿ ಎರಡು ಬೀದಿಗೆ ಬರುತ್ತವೆ.

ಉಜ್ಜಿನಪ್ಪ ಶಾಂತವಾಗಿ ವಿಚಾರ ಮಾಡಿದ. ಶಾಂತವಾಗಿ ವಿಚಾರ ಮಾಡಿದಾಗಲೇ ಅವನಿಂದ ದೊಡ್ಡ ತಪ್ಪುಗಳು ಆಗುತ್ತಿದ್ದವು. ಎರಡೂ ತುದಿಯ ಕಂಬಗಳನ್ನು ಅಕ್ಕಪಕ್ಕದ ಗೋಡೆ ಹಿಡಿದುಕೊಂಡಿರುತ್ತದೆ, ಅವು ಅಲುಗಾಡುವುದಿಲ್ಲ. ಎರಡನೆಯದನ್ನು ಮೇಸ್ತ್ರಿ ಆಗಲೇ ಹಾಳು ಮಾಡಿಯಾಗಿದೆ. ಉಳಿದದ್ದು ಮೂರನೆಯದು. ಆದ್ದರಿಂದ ಎರಡು ಕಂಬದ ಕುಗ್ಗನ್ನೂ ಸೇರಿಸಿ ಮೂರನೆಯದಕ್ಕೇ ಬಿಡಬೇಕು. ಲೆಕ್ಕ ಬಂತು: ಒಂದು ಗೇಣು, ಬೀದಿಯ ಕಡೆಗೆ.

"ಕಂಬಿ ಅಲ್ಲಿಗೆ ಬರಂಗಿಲ್ರಿ" ಎಂದರು ಕೆಲಸದವರು.

"ಬಗ್ಗಸ್ರಿ."

"ಮೇಸ್ತ್ರಿ ಬೈತಾರ್ರಿ."

"ಮೇಸ್ತ್ರಿಗೆ ಮನಿ ಕಟ್ಟೋದು ಗೊತ್ತು. ಕುಗ್ಗೋದು ನನಗ ಗೊತ್ತು. ಬಗ್ಗಸ್ರಿ."

ಕಂಬಿಗಳು ಬುಡದಲ್ಲಿ ಮೊಣಕಾಲು ಮಡಿಸಿದವರ ಹಾಗೆ ಬಾಗಿ, ಒಂದು ಗೇಣು ಮುಂದೆ ಹೋಗಿ ಮತ್ತೆ ಎದ್ದು ನಿಂತವು. ಸುತ್ತ ಡಬ್ಬ ಬಂತು, ಕಾಂಕ್ರೀಟ್ ಬಿತ್ತು. ಉಜ್ಜಿನಪ್ಪ ಕೈ ತೊಳೆದುಕೊಂಡು ಚಹಾ ಕುಡಿದ. ಹಂಪಕ್ಕ ತವರೂರು ರೊಳ್ಳಕ್ಕೆ ಹೋಗಿದ್ದಳು. ಇದ್ದಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ.

ಸೋಮವಾರ ಹಣೆಯ ತುಂಬ ಸಿಂಧೂರ ಹಚ್ಚಿಕೊಂಡು ಬಂದ ನರಸಿಂಹಪ್ಪ ಬೀದಿಯ ತುದಿಯಲ್ಲೇ ಬೈಕು ನಿಲ್ಲಿಸಿದ. ಅಲ್ಲಿಂದ ನೋಡಿದರೆ ನಾಲ್ಕು ಕಂಬಗಳೂ ಒಂದೇ ಕಂಬದಂತೆ ಕಾಣಬೇಕು. ಮೂರು ಕಂಬ ಒಂದಾಗಿ ಕಂಡವು. ಉಳಿದೊಂದು ಪಕ್ಕದಿಂದ ಇಣುಕಿ ನೋಡುತ್ತಿತ್ತು.

"ಅಯ್ಯಯ್ಯಪ್ಪಾ! ಮಾಸ್ಟ್ರೇ, ಇದೇನ್ರಿ ಇದು? ಮ್ಯಾಲಿನ ಬೀಮು ಅರ್ಧ ಪಿಲ್ಲರ್ ಮ್ಯಾಲ, ಅರ್ಧ ಗಾಳಿಯಾಗ ಕುಂದರಬೇಕೇನು?"

ಉಜ್ಜಿನಪ್ಪ ಕುಗ್ಗಿನ ಶಾಸ್ತ್ರವನ್ನು ಮೊದಲಿನಿಂದ ಕೊನೆಯವರೆಗೆ ವಿವರಿಸಿದ. ಮೇಸ್ತ್ರಿ ಸಿಮೆಂಟ್ ಮೂಟೆಯ ಮೇಲೆ ಕುಳಿತ. ಕುಗ್ಗತೈತಿ ಅಂತ ಹೇಳಿದವನು ತಾನೇ. ಅದು ಕೂದಲೆಳೆಯಷ್ಟು ಕುಗ್ಗುವ ಮಾತು, ಗೇಣು ಮೊಳದ್ದಲ್ಲ ಎಂದು ಈಗ ಕೂಗಿ ಹೇಳಿದರೆ, ಕಂಬ ತುಂಬಿಸುವ ದಿನ ನೀನೆಲ್ಲಿದ್ದೆ ಎಂದು ಊರು ಕೇಳುತ್ತದೆ. ಅವನೂ ಮನುಷ್ಯನೇ. ದನಿ ತಗ್ಗಿಸಿ ಒಂದು ಉಪಾಯ ಹೇಳಿದ.

"ಉಳಿದ ಮೂರು ಪಿಲ್ಲರ್‌ಗೂ ಹೊರಗಡೆ ಒಂದು ಗೇಣು ದಪ್ಪ ಪ್ಲಾಸ್ಟರ್ ಹೊಡದು ಎಲ್ಲಾ ಒಂದ ಸಾಲಿಗೆ ತಂದುಬಿಡಾಣ. ನೋಡಾಕ ಸರಿ ಕಾಣತೈತಿ."

ಸರಿಯಾದ ಮೂರನ್ನು ತಪ್ಪಾದ ಒಂದಕ್ಕೆ ಹೊಂದಿಸುವ ಈ ಯೋಜನೆ ನಮ್ಮ ದೇಶದಲ್ಲಿ ಬಹಳ ಕಡೆ ಚೆನ್ನಾಗಿಯೇ ನಡೆದಿದೆ. ಇಲ್ಲಿ ನಡೆಯದೆ ಹೋದದ್ದಕ್ಕೆ ಕಾರಣ, ಅದೇ ಹೊತ್ತಿಗೆ ಹಂಪಕ್ಕ ಆಟೋ ಇಳಿದಳು. ಬೀದಿಯಿಂದ ಒಂದು ಸಲ, ಒಳಗಿಂದ ಒಂದು ಸಲ ಕಂಬದ ಸಾಲು ನೋಡಿದಳು. ಚೀಲದಿಂದ ಹಾಳೆ ತೆಗೆದು, ಮೂರನೆಯ ಕಂಬದ ನಡುವಿಗೆ ಒಂದು ಕೆಂಪು ಬಾಣ ಅಂಟಿಸಿದಳು.

"ಒಡೀರಿ" ಎಂದಳು.

"ಏಯ್, ಅದನ್ನ ಬೇಕಂತಲೇ ಬಿಟ್ಟೀನಿ!" ಎಂದ ಉಜ್ಜಿನಪ್ಪ. "ವಾಶ್ ಆಗ್ಲಿ, ತಾನ ಹಿಂದಕ್ಕ ಸರಿತೈತಿ."

"ನೀರು ಹೊಡಿಯೋದು ಮುಗಿಯೋವರೆಗೂ ಬೀಮಿನ ಕೆಲಸ ಹೆಂಗೂ ಇಲ್ಲ. ಅಲ್ಲೀವರೆಗೂ ಸುಮ್ನಿರ್ತೀನಿ" ಎಂದಳು ಹಂಪಕ್ಕ. ಬಾಣವನ್ನು ಮಾತ್ರ ತೆಗೆಯಲಿಲ್ಲ.

ಬೇಕಂತಲೇ ಎಂಬ ಮಾತು ಮೊದಲು ಬಿದ್ದದ್ದು ಪಕ್ಕದ ಮನೆಯ ತಿಪ್ಪಕ್ಕನ ಕಿವಿಗೆ. ತಿಪ್ಪಕ್ಕ ಕಟ್ಟೆಯ ಮೇಲೆ ಕುಳಿತು ದಿನವಿಡೀ ಪ್ಯಾಂಟುಗಳ ಬಿಟ್ಟ ದಾರ ಕತ್ತರಿಸುವ ಮುದುಕಿ. ಕೈಗೂ ಕೆಲಸ, ಬಾಯಿಗೂ ಕೆಲಸ.

"ಯಾಕೋ ಉಜ್ಜಿನಪ್ಪ, ನಿನ್ನ ಪಿಲ್ಲರ್ ಬೀದಿಗೆ ಬಂದೈತಲ್ಲ?"

"ಕುಗ್ಗು ಬಿಟ್ಟೀನಿ ತಿಪ್ಪಕ್ಕ."

ಬೇರೆ ಯಾವ ಊರಿನಲ್ಲಾದರೂ ಈ ಉತ್ತರ ಕೇಳಿದವರು ನಕ್ಕುಬಿಡುತ್ತಿದ್ದರು. ಈ ಓಣಿಯಲ್ಲಿ ಎಲ್ಲರೂ ಜೀನ್ಸಿನವರು. ತಿಪ್ಪಕ್ಕ ಕತ್ತರಿ ಕೆಳಗಿಟ್ಟು ಗಲ್ಲದ ಮೇಲೆ ಬೆರಳಿಟ್ಟಳು. "ಅದೇ ಮತ್ತ! ವಾಶಿಗೆ ಹೋದ ಮ್ಯಾಲ ಕುಗ್ಗಲಾರ್ದ ಇರತೈತೇನು? ನಮ್ಮ ಮನಿ ಬಾಗಿಲು ಬಿಗಿ ಆಗಿರೋದು ಅದಕ್ಕ ನೋಡು. ನಮ್ಮ ಮೇಸ್ತ್ರಿ ಕುಗ್ಗು ಬಿಡಲಿಲ್ಲ, ಸುಡುಗಾಡು ಮೇಸ್ತ್ರಿ!"

ಸಂಜೆಯೊಳಗೆ ಓಣಿಯ ಅರ್ಧ ಮನೆಗಳಲ್ಲಿ ಕುಗ್ಗು ಬಿಡದ ದೋಷ ಪತ್ತೆಯಾಯಿತು. ಕಪಾಟು ಹಿಡಿಯದ ಮೂಲೆ, ಮುಚ್ಚದ ಕಿಟಕಿ, ಮಂಚ ಹೋಗದ ಕೋಣೆ, ಎಲ್ಲಕ್ಕೂ ಈಗ ಕಾರಣ ಸಿಕ್ಕಿತ್ತು. ಕಾರಣ ಕಂಡುಹಿಡಿದ ಉಜ್ಜಿನಪ್ಪನ ಬಗ್ಗೆ ಗೌರವ ಬೆಳೆಯಿತು. ಅವನೂ ಆ ಗೌರವಕ್ಕೆ ಜಾಗ ಬಿಟ್ಟು ಒಂದಿಷ್ಟು ಅಗಲವಾಗಿ ನಡೆಯತೊಡಗಿದ.

ಎದುರು ಮನೆಯ ದೊಡ್ಡಬಸಪ್ಪ ಬಂದ ಮೇಲೆ ವಿಷಯಕ್ಕೆ ಶಾಸ್ತ್ರದ ಬಲ ಬಂತು. ದೊಡ್ಡಬಸಪ್ಪನದು ಪ್ಯಾಂಟು ತೊಳೆಯುವ ವಾಶಿಂಗ್ ಯೂನಿಟ್ಟು. ಕುಗ್ಗಿನ ವಿಷಯದಲ್ಲಿ ಅವನು ಆಡಿದ್ದೇ ಕೊನೆಯ ಮಾತು. ಕಂಬದ ಸುತ್ತ ಒಂದು ಸುತ್ತು ಹಾಕಿ, ಬೆರಳಿನಿಂದ ತಟ್ಟಿ ನೋಡಿ ಹೇಳಿದ: "ಗಟ್ಟಿ ಮಾಲು ಐತಿ. ತಣ್ಣೀರಿಗೆ ಬಗ್ಗಂಗಿಲ್ಲ ಇದು. ಬಿಸಿನೀರು ಬೇಕು."

ಮರುದಿನದಿಂದ ಕಂಬದ ಸೇವೆ ಶುರುವಾಯಿತು. ಗೋಣಿಚೀಲ ಸುತ್ತಿದರು. ನಲ್ಲಿ ಬಂದ ದಿನ ಮನೆಗೆ ಹಿಡಿಯುವ ಮೊದಲು ಒಂದೊಂದು ಕೊಡ ಕಂಬಕ್ಕೆ ಸುರಿದರು. ಸ್ನಾನಕ್ಕೆ ಕಾಯಿಸಿದ ನೀರಿನಲ್ಲಿ ಒಂದು ಚೊಂಬು ಉಳಿಸಿ ತಿಪ್ಪಕ್ಕ ತಾನೇ ಎತ್ತಿ ಹಾಕಿದಳು. ಯಾರೋ ದೊಡ್ಡಬಸಪ್ಪನ ಯೂನಿಟ್ಟಿನಿಂದ ಪ್ಯಾಂಟಿನ ಬಣ್ಣ ಇಳಿಸುವ ಹಗುರ ಕಲ್ಲು ತಂದು, ಇದರಿಂದಲೂ ಸ್ವಲ್ಪ ಉಜ್ಜಿದರೆ ಹೇಗೆ ಎಂದರು. ಉಜ್ಜಿನಪ್ಪ ಬೇಡವೆಂದ. ಬಣ್ಣ ಇಳಿಸುವ ಇರಾದೆ ತನಗಿಲ್ಲ, ಕುಗ್ಗಿದರೆ ಸಾಕು ಎಂದು ಸಂಯಮ ತೋರಿಸಿದ. ನೀರೆಲ್ಲ ಒಂದೇ ಕಂಬಕ್ಕೆ ಹೋಗಿ ಉಳಿದ ಮೂರು ಒಣಗುತ್ತಿದ್ದವು. ಅವುಗಳಿಗೆ ಹಂಪಕ್ಕ ಬಾಯಿ ಮುಚ್ಚಿಕೊಂಡು ನೀರು ಹೊಡೆಯುತ್ತಿದ್ದಳು.

ವಾರ ಕಳೆದ ಮೇಲೆ ಅಳತೆಯ ದಿನ ಬಂತು. ಮೊದಲನೆಯ ದಿನ ಕಂಬ ಎಷ್ಟು ಮುಂದಿದೆ ಎಂದು ಅಳೆದವಳು ತಿಪ್ಪಕ್ಕ. ಅವಳ ಗೇಣಿನಲ್ಲಿ ಒಂದು ಗೇಣು, ಮೇಲೆ ಮೂರು ಬೆರಳು. ಈಗ ಅಳೆದವನು ದೊಡ್ಡಬಸಪ್ಪ. ನೆನೆದ ಪ್ಯಾಂಟನ್ನು ಮೂಟೆಗಟ್ಟಲೆ ಎತ್ತಿ ಎತ್ತಿ ಅವನ ಅಂಗೈ ಮೊರದಷ್ಟಾಗಿತ್ತು. ಹೆಬ್ಬೆರಳು ಸಾಲಿನ ಮೇಲಿಟ್ಟು ಕಿರುಬೆರಳು ಚಾಚಿದ. ಬೆರಳು ಕಂಬ ದಾಟಿ ಹೋಯಿತು.

"ಗೇಣಿಲ್ಲ!" ಎಂದು ಕೂಗಿದ ದೊಡ್ಡಬಸಪ್ಪ. "ಗೇಣಿಗೆ ಎರಡು ಬೆರಳು ಕಮ್ಮಿ!"

"ಐದು ಬೆರಳು ಕುಗ್ಗೈತಿ!" ಎಂದು ತಿಪ್ಪಕ್ಕ ಲೆಕ್ಕ ಮುಗಿಸಿದಳು.

ಓಣಿಯಲ್ಲಿ ಸಕ್ಕರೆ ಹಂಚಿದರು. ಉಜ್ಜಿನಪ್ಪ ಎಲ್ಲರಿಗೂ ಕೈ ಮುಗಿದ. ತಿಪ್ಪಕ್ಕನ ಕೈಯನ್ನೂ ದೊಡ್ಡಬಸಪ್ಪನ ಕೈಯನ್ನೂ ಪಕ್ಕಪಕ್ಕ ಇಟ್ಟು ನೋಡಿದವಳು ಹಂಪಕ್ಕ ಒಬ್ಬಳೇ. ಅವಳು ಸಕ್ಕರೆ ತಿನ್ನಲಿಲ್ಲ.

ಇಷ್ಟು ಹೊತ್ತಿಗೆ ಸರಕಾರಕ್ಕೂ ಸುದ್ದಿ ಮುಟ್ಟಿತು. ವಾರ್ಡಿನ ಕಚೇರಿಯ ಕಿರಣ್ ಕುಮಾರ್ ಎಂಬ ಎಂಜಿನಿಯರ್ ಹುಡುಗ ಬಂದ. ಮಡಕಶಿರದ ಕಡೆಯವನು, ಕೆಲಸಕ್ಕೆ ಸೇರಿ ವರ್ಷವಾಗಿರಲಿಲ್ಲ. ಒದ್ದೆ ಗೋಣಿಚೀಲ ಹೊದ್ದು ಮೋರಿಯ ಅಂಚಿಗೆ ನಿಂತಿದ್ದ ಕಂಬವನ್ನು ನೋಡಿ ಇದೇನೆಂದು ಕೇಳುವಾಗ ಅವನ ಬಾಯಿಂದ ಮೊದಲು ಸರಕಾರಿ ತೆಲುಗೇ ಬಂತು.

"ಇದೇಂಟಂಡಿ ಇದಿ?"

"ಮೂವತ್ತೆರಡು" ಎಂದ ಉಜ್ಜಿನಪ್ಪ. "ನಮಸ್ಕಾರ್ರಿ ಸಾರ್. ನಿಮ್ಮ ಸೊಂಟ ಹೇಳಿದೆ. ಬರ್ರಿ, ಕುಂದರ್ರಿ."

"ನನ್ನ ಸೊಂಟ ಇರಲಿ. ನಿಮ್ಮ ಪಿಲ್ಲರ್ ಮೋರಿ ಅಂಚಿಗೆ ಬಂದೈತಲ್ರೀ. ಪ್ಲಾನ್‌ನಾಗೆ ಇಂಗಿಲ್ಲ."

"ಒಳಗ ಹೋಗತೈತಿ ಸಾರ್."

"ಯಾವಾಗ?"

"ಒಂದು ವಾಶ್ ಆಗೈತಿ. ಐದು ಬೆರಳು ಹೋಗೈತಿ. ಇನ್ನೊಂದು ವಾಶ್ ಆದ್ರ ಲೈನಿಗೆ ಬರತೈತಿ."

ಕಿರಣ್ ಕುಮಾರ್ ಸುತ್ತ ನೋಡಿದ. ಇಪ್ಪತ್ತು ಮಂದಿ ತಲೆಯಾಡಿಸುತ್ತಿದ್ದರು. ದೊಡ್ಡಬಸಪ್ಪನಂಥ ದೊಡ್ಡ ಮನುಷ್ಯನೂ ತಲೆಯಾಡಿಸುತ್ತಿದ್ದ. ಕಾಲೇಜಿನಲ್ಲಿ ತಾನು ರಜೆ ಹಾಕಿದ ದಿನ ಈ ಪಾಠ ಆಗಿರಬಹುದೇ ಎಂಬ ಭಯ ಹುಡುಗನಿಗೆ ಹುಟ್ಟಿತು.

"ಇದು... ಯಾವ ಟೆಕ್ನಾಲಜಿ?" ಎಂದು ಮೆಲ್ಲಗೆ ಕೇಳಿದ.

"ಪ್ರೀ-ಶ್ರಿಂಕ್ ಸಾರ್" ಎಂದ ಉಜ್ಜಿನಪ್ಪ, ಕಾಲ ಮೇಲೆ ಕಾಲು ಹಾಕಿ.

"ಓಹೋ. ನಮ್ಮ ಸಿಲಬಸ್‌ನಾಗೆ ಇರ್ಲಿಲ್ಲ. ನಮ್ಮ ದೊಡ್ಡ ಸಾರ್‌ನ ಕೇಳ್ಕಂಡು ಬತ್ತೀನಿ" ಎಂದು ಕಿರಣ್ ಕುಮಾರ್ ಚಹಾ ಕೂಡ ಕುಡಿಯದೆ ಹೋದ.

ಸರಕಾರ ಬಂದು ಒಪ್ಪಿಕೊಂಡು ಹೋಯಿತು ಎಂದು ಓಣಿ ತೀರ್ಮಾನಿಸಿತು. ಆ ತೀರ್ಮಾನ ರೊಳ್ಳದವರೆಗೂ ಹೋಗಿ, ಅಲ್ಲಿಂದ ಹಂಪಕ್ಕನ ತಮ್ಮ ಮೂಕಪ್ಪ ಹೊರಟು ಬಂದ. ಹೆಸರು ಮೂಕಪ್ಪನಾದರೂ ಮಾತು ನಿಲ್ಲಿಸುವುದು ಅವನಿಗೆ ತಿಳಿಯದು. ಹಿಪ್ಪುನೇರಳೆ ಬೆಳೆದು ರೇಷ್ಮೆಹುಳು ಸಾಕುವವನು, ಹುಳುವಿಗೆ ಹೊಸ ಶೆಡ್ಡು ಕಟ್ಟಿಸಬೇಕೆಂದಿದ್ದವನು.

"ಭಾವ, ನೀನೇ ಬಂದು ಗುರ್ತು ಹಾಕ್ಕೊಡ್ಬೇಕು ಕಣಪ್ಪಾ. ನಮ್ಮ ಕಡೆ ಮೇಸ್ತ್ರಿಗೋಳು ದಂಡ. ಕುಗ್ಗು ಅಂದ್ರೆ ಏನು ಅಂತಾನೇ ಗೊತ್ತಿಲ್ಲ ಅವ್ರಿಗೆ!"

"ಬರ್ತೀನಿ" ಎಂದ ಉಜ್ಜಿನಪ್ಪ. ಅಷ್ಟರಲ್ಲಿ ದೊಡ್ಡಬಸಪ್ಪ ಓಡಿ ಬಂದ.

"ಮೊದ್ಲು ನನ್ನ ಮನಿ! ನಮ್ಮ ಮ್ಯಾಲಿನ ಅಂತಸ್ತಿಗೆ ಆರು ಪಿಲ್ಲರ್ ಏಳಸಬೇಕು. ಆರಕ್ಕೂ ಒಂದೊಂದು ಗೇಣು ಕುಗ್ಗು ಬಿಡಸಾಕ ಹೇಳೀನಿ. ಡಬ್ಬ ಕೂಡ್ಸ್ಯಾರ. ಮಾಸ್ಟ್ರೇ, ನಾಳೆ ನಿಮ್ಮ ಸೀಮೆಸುಣ್ಣ ತಗೊಂಡು ಬಂದು ಒಂದು ಗೆರಿ ಎಳದ್ರ ಕಾಂಕ್ರೀಟ್ ಸುರೀತಾರ."

ಅವನ ಮೇಲಿನ ಅಂತಸ್ತಿನ ಕೆಳಗೆ ಅವನ ಸೊಸೆ, ಮೊಮ್ಮಕ್ಕಳು ಮಲಗುತ್ತಿದ್ದರು. ಒಳಗೆ ಅಕ್ಕಿ ಆರಿಸುತ್ತಿದ್ದ ಹಂಪಕ್ಕನ ಕೈ ನಿಂತಿತು. ಒಂದು ಕಂಬವಾಗಿದ್ದಾಗ ಅದು ಗಂಡನ ಹುಚ್ಚು. ಈಗ ಏಳಾಗುತ್ತಿತ್ತು. ರೊಳ್ಳದ್ದೂ ಸೇರಿದರೆ ಎಷ್ಟೋ. ಅವಳಿಗೆ ಸಿಟ್ಟು ಬಂತು, ಅದಕ್ಕಿಂತ ಹೆಚ್ಚಾಗಿ ಹೆದರಿಕೆ ಬಂತು. ಅವಳು ಎದ್ದು ಹೋಗಿ ರಾಧಾ, ಸಂಧ್ಯಾ ಮತ್ತು ಉಳಿದ ಆರು ಮಂದಿಯನ್ನು ಕರೆದುಕೊಂಡು ಬಂದಳು.

"ನಾಳೆ ಯಾಕ, ಇವತ್ತ ನಮ್ಮ ಹಾಲಿಗೆ ಗೆರಿ ಎಳಿಯಾಣ" ಎಂದು ಗಂಡನ ಕೈಯಿಂದ ಸೀಮೆಸುಣ್ಣ ತೆಗೆದುಕೊಂಡಳು.

ಓಣಿ ಬೀದಿಯಲ್ಲಿ ನೆರೆಯಿತು. ಹಂಪಕ್ಕ ಹಾಲಿನ ನೆಲದ ಮೇಲೆ ಎಂಟು ಚೌಕ ಬರೆದು ಒಂದೊಂದರಲ್ಲಿ ಒಬ್ಬೊಬ್ಬಳನ್ನು ಕೂರಿಸಿದಳು. ಇದು ರಾಧಾಳ ಮಿಷನ್ನು, ಇದು ಸಂಧ್ಯಾಳದು. ಎಲ್ಲ ಚೌಕಗಳೂ ಬೀದಿಯಿಂದ ದೂರ, ಹಾಲಿನ ಹಿಂಬದಿಗೇ ಒತ್ತಿಕೊಂಡಿದ್ದವು. ಕೊನೆಗೆ ಬೀದಿಯ ಕಡೆ, ಬಾಣ ಹಚ್ಚಿದ ಕಂಬದ ಒಳಮಗ್ಗುಲಲ್ಲಿ, ಬೀಮು ಹಾಯಬೇಕಾದ ಜಾಗದ ಕೆಳಗೇ ಇನ್ನೊಂದು ಚೌಕ ಬರೆದಳು.

"ಇಲ್ಲಿ ಕಟಿಂಗ್ ಟೇಬಲ್. ನಿಮ್ಮ ಜಾಗ. ನಿಲ್ರಿ."

"ನಿಲ್ತೀನಿ! ಅದಕ್ಕೇನು?" ಎಂದು ಉಜ್ಜಿನಪ್ಪ ಜನರ ಕಡೆ ತಿರುಗಿ ನಕ್ಕು ಚೌಕದ ನಡುವೆ ನಿಂತ.

"ಇಪ್ಪತ್ತು ವರ್ಷ ಇಲ್ಲೇ ನಿಲ್ಲಬೇಕು. ಮ್ಯಾಲ ಸ್ಲ್ಯಾಬು, ಅದರ ಮ್ಯಾಲ ನಮ್ಮ ಮನಿ. ಹೂಂ, ಕುತಿಗಿ ಬಗ್ಗಸ್ರಿ. ಕೆಲಸ ಮಾಡ್ರಿ. ಮ್ಯಾಲ ನೋಡಂಗಿಲ್ಲ."

"ಮ್ಯಾಲ ಯಾಕ ನೋಡಂಗಿಲ್ಲ?"

"ಮಿಷನ್ ಮುಂದ ಕುಂತಾಕಿ ಮ್ಯಾಲ ನೋಡಂಗಿಲ್ರಿ" ಎಂದಳು ಹಂಪಕ್ಕ. "ಬೆಂಗಳೂರಾಗ ಅಷ್ಟು ವರ್ಷ ದುಡಿದೆ. ಆ ಫ್ಯಾಕ್ಟರಿ ಚಾವಣಿ ಹೆಂಗಿತ್ತು ಅಂತ ಕೇಳಿದ್ರ ಇವತ್ತಿಗೂ ನನಗ ಗೊತ್ತಿಲ್ಲ. ಒಂದು ದಿನಾನೂ ತಲಿ ಎತ್ತಲಿಲ್ಲ. ಈ ಎಂಟು ಮಂದೀನೂ ಎತ್ತಂಗಿಲ್ಲ. ಮ್ಯಾಲ ಯಾರೋ ನೋಡ್ಯಾರ ಅಂತ ನಂಬಿ ಕುಂದರ್ತಾರ."

ಉಜ್ಜಿನಪ್ಪ ಕುತ್ತಿಗೆ ಬಗ್ಗಿಸಿದ. ಕೈಯಲ್ಲಿ ಇಲ್ಲದ ಕತ್ತರಿಯನ್ನು ಇಲ್ಲದ ಬಟ್ಟೆಯ ಮೇಲೆ ಓಡಿಸಿದ. ತಲೆಯ ಮೇಲೆ ಸ್ಲ್ಯಾಬು ಇರಲಿಲ್ಲ, ಬೀಮೂ ಇರಲಿಲ್ಲ. ಇದ್ದದ್ದು ಬರೀ ಆಕಾಶ, ಅದೂ ಮೋಡವಿಲ್ಲದ್ದು. ಆದರೂ ಅವನ ನೆತ್ತಿ ಭಾರವಾಗತೊಡಗಿತು. ಗಾಳಿಯಲ್ಲಿ ಅರ್ಧ ಕುಳಿತ ಬೀಮು ಅವನಿಗೆ ಕಾಣಿಸಿತು. ಬುಡದಲ್ಲಿ ಮೊಣಕಾಲು ಮಡಿಸಿದ ಕಂಬಿಗಳು ನೆನಪಾದವು. ಮಡಿಸಿದ್ದು ತಾನೇ. ಬಾಯಿ "ಏನೂ ಆಗಂಗಿಲ್ಲ, ನೂರಕ್ಕೆ ನೂರು" ಎನ್ನುತ್ತಲೇ ಇತ್ತು. ಕತ್ತು ಮೇಲಕ್ಕೆ ಹೊರಳಿತು. ಕಾಲುಗಳು ಯಜಮಾನನನ್ನು ಕೇಳದೆ ಮೆಲ್ಲಗೆ ಬಲಕ್ಕೆ ಜರುಗಿದವು.

"ಭಾವ ಸರ್ದ!" ಎಂದು ಕೂಗಿದ ಮೂಕಪ್ಪ. "ಅಕ್ಕಾ, ಭಾವ ಸರ್ದ ಕಣಕ್ಕ!"

ಎಂಟು ಹೆಣ್ಣುಮಕ್ಕಳೂ ಕಿಸಕ್ಕನೆ ನಕ್ಕರು. ಹಂಪಕ್ಕ ಬಗ್ಗಿ, ಚೌಕದ ಗೆರೆಯಿಂದ ಗಂಡನ ಪಾದದವರೆಗೆ ಕೈ ಚಾಚಿ ಅಳೆದಳು.

"ಒಂದು ಗೇಣು" ಎಂದಳು. "ಪಿಲ್ಲರ್ ಕುಗ್ಗಿಲ್ಲ. ನೀವು ಕುಗ್ಗೀರಿ."

ಓಣಿಯೆಲ್ಲ ಗೊಳ್ಳೆಂದಿತು. ಇನ್ನೊಬ್ಬನಾಗಿದ್ದರೆ ಅವಮಾನದಿಂದ ಒಳಗೆ ಹೋಗಿ ಮುಸುಕು ಹಾಕಿಕೊಳ್ಳುತ್ತಿದ್ದ. ಉಜ್ಜಿನಪ್ಪ ಎಂಟು ಚೌಕಗಳಲ್ಲಿ ಕುಳಿತಿದ್ದವರನ್ನು ಒಂದೊಂದಾಗಿ ನೋಡಿದ. ರಾಧಾ ನಗು ನಿಲ್ಲಿಸಿ ತನ್ನ ಚೌಕದ ಗೆರೆಯನ್ನು ಬೆರಳಿನಿಂದ ತೀಡುತ್ತಿದ್ದಳು. ಅವನು ನೇರವಾಗಿ ಕಂಬದ ಹತ್ತಿರ ಹೋಗಿ, ಕೆಂಪು ಬಾಣವನ್ನು ಬೆರಳಿನಿಂದ ತಟ್ಟಿ ಕೂಗಿದ.

"ರಿಜೆಕ್ಟ್!"

ಜನ ಕಂಬದ ಕಡೆ ತಿರುಗಿದರು.

"ನಮ್ಮ ಕಸುಬಿನಾಗ ಕೆಟ್ಟ ಪೀಸ್‌ಗೆ ಪ್ಲಾಸ್ಟರ್ ಹೊಡಿಯೋ ಪದ್ಧತಿ ಇಲ್ಲ" ಎಂದು ಮೇಸ್ತ್ರಿಯ ಕಡೆ ಬೆರಳು ತೋರಿಸಿದ. ಪ್ಲಾಸ್ಟರಿನ ಮಾತು ತೆಗೆದಾಗಿನಿಂದ ಹಿಂದೆ ಹಿಂದೆಯೇ ನಿಲ್ಲುತ್ತಿದ್ದ ನರಸಿಂಹಪ್ಪ ಇನ್ನೂ ಹಿಂದಕ್ಕೆ ಹೋದ. "ಬಾಣ ಬಿತ್ತು ಅಂದ್ರ ಮುಗೀತು. ತರ್ರಿ ಸುತ್ತಿಗಿ! ದೊಡ್ಡಬಸಪ್ಪ, ನಿನ್ನ ಆರೂ ಡಬ್ಬ ಹಿಂದಕ್ಕ ತಗಸು. ಕಾಂಕ್ರೀಟ್ ಗೇಣುಗಟ್ಟಲೆ ಕುಗ್ಗತೈತಿ ಅಂತ ಯಾವ ದಡ್ಡ ಹೇಳಿದ ನಿನಗ?"

"ನೀವ ಹೇಳಿದ್ರಿ ಮಾಸ್ಟ್ರೇ!"

"ನಾನು ಹೇಳ್ತೀನಿ. ಕೇಳೋನಿಗೆ ಬುದ್ಧಿ ಬ್ಯಾಡೇನು?"

ಮೊದಲ ಪೆಟ್ಟು ಅವನೇ ಹಾಕಿದ. ಎರಡನೆಯದನ್ನು ನರಸಿಂಹಪ್ಪ ಹಾಕಿದ, ಅವನಿಗೂ ಎದೆಯ ಮೇಲಿನ ಭಾರ ಇಳಿದಿತ್ತು. ಸುತ್ತಿಗೆಯ ಸದ್ದು ನಡೆಯುತ್ತಿರುವಾಗಲೇ ಕಿರಣ್ ಕುಮಾರ್ ಬೆವರುತ್ತ ಬಂದ.

"ನಿಲ್ಸಬ್ಯಾಡ್ರೀ, ಒಡೀರಿ! ಪ್ರೀ-ಶ್ರಿಂಕ್ ಅಂತ ಹೇಳಿದ್ದಕ್ಕೆ ದೊಡ್ಡ ಸಾರ್ ನನ್ನ ಸರ್ಟಿಫಿಕೇಟ್ ತೋರ್ಸು ಅಂದ್ರು!"

"ನಾನ ರಿಜೆಕ್ಟ್ ಮಾಡ್ದೆ ಸಾರ್" ಎಂದ ಉಜ್ಜಿನಪ್ಪ. "ಸರಕಾರ ತಡಾ ಮಾಡ್ತು."

ಹುಡುಗ ಈ ಸಲ ಕೇಳಿಕೊಂಡೇ ಬಂದಿದ್ದ. ಕಂಬವನ್ನು ಪಾಯದವರೆಗೂ ಒಡೆಸಿದ. ಬಾಗಿದ ಕಂಬಿಗಳನ್ನು ನೆಟ್ಟಗೆ ಮಾಡಲು ಹೋಗಬೇಡಿ, ಒಮ್ಮೆ ಮಡಿಸಿದ್ದನ್ನು ಮತ್ತೆ ಬಗ್ಗಿಸಿದರೆ ಬಲ ಹೋಗುತ್ತದೆ ಎಂದು ಬುಡಕ್ಕೇ ಕತ್ತರಿಸಿದ. ಸರಿಯಾದ ಗುರುತಿನಲ್ಲಿ ಪಾಯಕ್ಕೆ ತೂತು ಕೊರೆಸಿ, ಕಂಬಿ ಹಿಡಿಯುವ ಅಂಟುಮದ್ದು ಹಾಕಿ ಹೊಸ ಕಂಬಿ ಕೂರಿಸಿದ. ಡಬ್ಬ ಕೂಡಿಸಿದ ಮೇಲೆ ದಾರ ಎಳೆದು ಸಾಲು ನೋಡಿದರು, ತೂಗುಗುಂಡು ಬಿಟ್ಟು ಎರಡು ಬದಿಯಿಂದಲೂ ನೋಡಿದರು. ನೋಡುವವರಲ್ಲಿ ಹಂಪಕ್ಕ ಕೊನೆಯವಳು. ಅವಳು ತಲೆಯಾಡಿಸುವವರೆಗೆ ಒಂದು ಬುಟ್ಟಿ ಕಾಂಕ್ರೀಟೂ ಬೀಳಲಿಲ್ಲ. ಶನಿವಾರ ಬಂತು, ಆಂಜನೇಯನಿಗೆ ಮುಂದಿನ ವಾರ ಬರುತ್ತೇನೆಂದು ನರಸಿಂಹಪ್ಪ ಅಲ್ಲಿಂದಲೇ ಕೈ ಮುಗಿದ.

ಎಲ್ಲಕ್ಕಿಂತ ಹೆಚ್ಚು ನೊಂದವಳು ತಿಪ್ಪಕ್ಕ. "ದಿನಾ ಒಂದು ಚೊಂಬು ಬಿಸಿನೀರು ಹಾಕೀನಿ. ಅಷ್ಟೂ ದಿನ ನಾನು ಅರ್ಧ ಮೈ ತೊಳಕೊಂಡೀನಿ" ಎಂದು ಬಹಳ ಕಾಲ ಹೇಳಿಕೊಂಡಳು.

ಬೀಮು ಬಂತು, ಸ್ಲ್ಯಾಬು ಬಂತು, ಎಂಟು ಮಿಷನ್ನುಗಳೂ ಬಂದವು. ಕೆಲಸ ಶುರುವಾಗುವ ದಿನ ಮೂಕಪ್ಪ ರೊಳ್ಳದಿಂದ ಬಾಳೆಕಂಬ ತಂದು ಕಟ್ಟಿದ. ಕಟ್ಟಿದ್ದು ಸೊಟ್ಟಗಿತ್ತು, ಯಾರೂ ಅಳೆಯಲು ಹೋಗಲಿಲ್ಲ. ಹಂಪಕ್ಕ ಸ್ಟಿಕ್ಕರಿನ ಹಾಳೆ ಹಿಡಿದು ಹಾಲಿನ ತುಂಬ ಓಡಾಡಿದಳು. ಕಂಬ, ಬೀಮು, ಗೋಡೆ, ಮೂಲೆ ಎಲ್ಲ ನೋಡಿದಳು. ಬಾಣ ಹಚ್ಚುವ ಜಾಗ ಎಲ್ಲೂ ಸಿಗಲಿಲ್ಲ. ಬರಿಗೈಲಿ ಮರಳುವುದು ಚೆಕರಿಗೆ ಶೋಭೆಯಲ್ಲ. ಬಾಗಿಲಲ್ಲಿ ಹೊಸ ಅಂಗಿ ಹಾಕಿಕೊಂಡು ನಿಂತಿದ್ದ ಗಂಡನ ಜೇಬಿನ ಮೇಲೆ ಒಂದು ಬಾಣ ಅಂಟಿಸಿದಳು. ಬಾಣದ ಮೊನೆ ಮೇಲಕ್ಕಿತ್ತು.

"ನಾವು ಒಂಬತ್ತು ಮಂದಿ ತಲಿ ಎತ್ತಂಗಿಲ್ಲ" ಎಂದಳು ಮೆಲ್ಲಗೆ. "ಮ್ಯಾಲ ನೋಡೋದು ಇನ್ನ ನಿಮ್ಮ ಕೆಲಸ."

ಮಿಷನ್ನುಗಳು ಸದ್ದು ಮಾಡಿದವು. ಎಂಟು ಕುತ್ತಿಗೆಗಳು ಒಮ್ಮೆಗೇ ಬಗ್ಗಿದವು. ಯಾರೂ ಮೇಲೆ ನೋಡಲಿಲ್ಲ. ಉಜ್ಜಿನಪ್ಪ ತನ್ನ ಟೇಬಲ್ಲಿನ ಹಿಂದೆ, ಬೀಮಿನ ಕೆಳಗೇ ನಿಂತು ಒಮ್ಮೆ ಕತ್ತೆತ್ತಿ ಆ ತುದಿಯಿಂದ ಈ ತುದಿಯವರೆಗೆ ನೋಡಿದ. ಆಮೇಲೆ ಕತ್ತರಿ ಎತ್ತಿಕೊಂಡ. ಈ ಸಲ ಕಾಲು ಜರುಗಲಿಲ್ಲ.

ಕಟ್ಟೆಯ ಮೇಲಿಂದ ತಿಪ್ಪಕ್ಕ ಕೂಗಿದಳು: "ಉಜ್ಜಿನಪ್ಪಾ, ಜೇಬಿನ ಮ್ಯಾಲ ಅದೇನೋ ಬಾಣ? ನಿನ್ನೂ ರಿಜೆಕ್ಟ್ ಮಾಡ್ಯಾಳೇನು?"

ಉಜ್ಜಿನಪ್ಪ ಎದೆ ಉಬ್ಬಿಸಿ, ಬಾಣ ಎಲ್ಲರಿಗೂ ಕಾಣುವ ಹಾಗೆ ಬೀದಿಗೆ ತಿರುಗಿ ನಿಂತ.

"ಬೇಕಂತಲೇ ಹಚ್ಚಿಸಿಕೊಂಡೀನಿ" ಎಂದ.